ಬಾಡಿಗೆ ಮನೆಯಲ್ಲಿ ಒಂದು ಕೇಬಲ್ ಎಳೆದ ಕಥೆ



ಹೋದ ಸಲ ಸಂಘದ ಊಟದ ಪಂಕ್ತಿಯಲ್ಲಿ ಕೂತಿದ್ದಾಗ ಪಕ್ಕದವರೊಬ್ಬರು ಬಿಸಿಬೇಳೆಭಾತ್ ಕಲಸುತ್ತಾ ಕೇಳಿದರು, "ನೀವು ಸಾಫ್ಟ್‌ವೇರಿನವರಲ್ವಾ? ನಮ್ಮನೆ ಬೆಡ್‌ರೂಮಿಗೆ ವೈ-ಫೈ ಬರೋದೇ ಇಲ್ಲ, ಏನು ಮಾಡೋದು?" ಸಾಫ್ಟ್‌ವೇರಿನವನಿಗೂ ವೈ-ಫೈಗೂ ಇರುವ ನಂಟು ಅಷ್ಟಕ್ಕಷ್ಟೇ. ಹಲ್ಲಿನ ಡಾಕ್ಟರ ಹತ್ತಿರ ಮಂಡಿನೋವು ಹೇಳಿಕೊಂಡ ಹಾಗೆ! ಆದರೂ "ಒಂದು ಕೇಬಲ್ ಎಳೆದುಬಿಡಿ" ಅಂದೆ. "ಬಾಡಿಗೆ ಮನೆ ಕಣ್ರೀ, ಒಂದು ಮೊಳೆ ಹೊಡೆದರೂ ಡಿಪಾಸಿಟ್ ಹೋಗುತ್ತೆ" ಅಂದರು. ಮೊಳೆ ಹೊಡೆಯದೆಯೂ ಆಗುತ್ತದೆ. ಹೋದ ಚಳಿಗಾಲದಲ್ಲಿ ನಾನೇ ಮಾಡಿದ್ದೇನೆ, ಒಂದು ಸಲ ಕೆಟ್ಟದಾಗಿ, ಇನ್ನೊಂದು ಸಲ ಸರಿಯಾಗಿ. ಎರಡನ್ನೂ ಬರೆಯುತ್ತೇನೆ.

ಇಷ್ಟು ತಲೆಕೆಡಿಸಿಕೊಂಡದ್ದು ಯಾಕೆ ಅಂತ ಮೊದಲು ಹೇಳಬೇಕು. ಸಿನಿಮಾ ನೋಡಲಿಕ್ಕಂತೂ ಅಲ್ಲ. ಶಿವಮೊಗ್ಗದಲ್ಲಿರುವ ನನ್ನ ಅಪ್ಪನಿಗೆ ಹೋದ ವರ್ಷ ಲಕ್ವ ಹೊಡೆಯಿತು. ಕೈಕಾಲು ಬಹುಮಟ್ಟಿಗೆ ಸುಧಾರಿಸಿತು, ಮಾತು ಮಾತ್ರ ತೊದಲು. ಸ್ಪೀಚ್ ಥೆರಪಿಸ್ಟ್ ಒಂದು ಕಟ್ಟು ಚಿತ್ರದ ಕಾರ್ಡು ಕೊಟ್ಟು, ದಿನಾ ತೋರಿಸಿ ಹೆಸರು ಹೇಳಿಸಿ, ಎಲ್ಲೆಲ್ಲಿ ಅಕ್ಷರ ಬಿಡುತ್ತಾರೆ ಬರೆದಿಡಿ ಅಂದಿದ್ದಾರೆ. ವಾರದ ದಿನ ಅಕ್ಕ ಮಾಡಿಸುತ್ತಾಳೆ. ಶನಿವಾರ, ಭಾನುವಾರ ವಿಡಿಯೋ ಕಾಲಿನಲ್ಲಿ ನನ್ನ ಸರದಿ. ಅಪ್ಪ ಪದದ ಕೊನೆ ನುಂಗುತ್ತಿದ್ದಾರೆ, "ಕುದುರೆ" ಅನ್ನಲು "ಕುದು" ಅನ್ನುತ್ತಾರೆ ಅಂತ ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಎರಡು ತಿಂಗಳಾದ ಮೇಲೆ ಅಕ್ಕ ಅಂದಳು, "ಇಲ್ಲ ಕಣೋ, ಪೂರ್ತಿ ಹೇಳಿದ್ರು. ನಾನು ಪಕ್ಕದಲ್ಲೇ ಇದ್ನಲ್ಲ." ಅಷ್ಟರಲ್ಲಿ ನಾನು "ಇನ್ನೊಂದ್ಸಲ ಹೇಳಪ್ಪ" ಅಂತ ಮೂರನೇ ಸಲ ಕೇಳಿ ಆಗಿತ್ತು. ಸರಿಯಾಗಿ ಹೇಳಿದ ಮನುಷ್ಯ ತನ್ನದೇ ತಪ್ಪು ಅಂದುಕೊಂಡು ಮುಖ ಆಕಡೆ ತಿರುಗಿಸಿಬಿಟ್ಟರು. ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇರಲಿ, ವಿಷಯಕ್ಕೆ ಬರೋಣ.

ನಮ್ಮದು ಡಬ್ಲಿನ್ನಿನ ಸಿಟಿವೆಸ್ಟ್ ಕಡೆ ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟ್. ಲುವಾಸ್ ಕೆಂಪು ಲೈನಿನ ಕೊನೆಯ ಸ್ಟಾಪು ಸ್ಯಾಗರ್ಟಿಗೆ ನಡೆದು ಹೋಗಬಹುದು. ಸೆಲ್ಟಿಕ್ ಟೈಗರ್ ಅಂತ ಇಲ್ಲಿಯವರು ಕರೆಯುವ, 2007ರ ಹೊತ್ತಿಗೆ ಮುಗಿದುಹೋದ ಆ ಏರುಗಾಲದಲ್ಲಿ ಕಟ್ಟಿದ ಕಟ್ಟಡ. ಇಂಥ ಮನೆಗಳದ್ದು ಹೆಚ್ಚುಕಡಿಮೆ ಒಂದೇ ನಕ್ಷೆ. ಬಾಗಿಲು ತೆರೆದರೆ ಕಿಟಕಿಯಿಲ್ಲದ ಉದ್ದದ ಓಣಿ. ಇವರು ಹಾಲ್ ಅನ್ನುವುದು ಇದನ್ನೇ, ನಮ್ಮ ಹಾಲ್ ಇವರಿಗೆ ಲಿವಿಂಗ್ ರೂಮ್. ಬಾಗಿಲ ಪಕ್ಕ ಫ್ಯೂಸ್ ಬೋರ್ಡು, ಹೂವರ್ ಇಡುವ ಸಣ್ಣ ಸ್ಟೋರು, ಅದಕ್ಕೆ ಅಂಟಿಕೊಂಡು ಹಾಟ್ ಪ್ರೆಸ್. ಹೊಸದಾಗಿ ಬಂದವರಿಗೆ ಹೇಳುತ್ತೇನೆ, ಹಾಟ್ ಪ್ರೆಸ್ ಅಂದರೆ ಇಸ್ತ್ರಿ ಪೆಟ್ಟಿಗೆ ಅಲ್ಲ. ಬಿಸಿನೀರಿನ ಸಿಲಿಂಡರ್ ಇರುವ ಕಪಾಟು. ಮಳೆ ನಿಲ್ಲದ ಈ ದೇಶದಲ್ಲಿ ಟವೆಲ್ಲು ಒಣಗಲು ಅದೇ ಗತಿ.

ಫೈಬರ್ ಹಾಕಿದವರು ಬೆಳಕನ್ನು ವಿದ್ಯುತ್ ಸಂಕೇತ ಮಾಡುವ ಒಎನ್‌ಟಿ ಡಬ್ಬಿಯನ್ನು ಸ್ಟೋರಿನೊಳಗೆ ಕೂರಿಸಿದ್ದಾರೆ. ರೂಟರೂ ಅಲ್ಲೇ. ನಾನು ಕಾಲ್ ಮಾಡುವ ಮೇಜು ಓಣಿಯ ಆ ತುದಿಯ ಬೆಡ್‌ರೂಮಿನಲ್ಲಿ. ಮಧ್ಯೆ ಏನೇನಿದೆ ನೋಡಿ: ಹೊಟ್ಟೆ ತುಂಬ ನೀರಿರುವ ತಾಮ್ರದ ಸಿಲಿಂಡರು, ಬಚ್ಚಲುಮನೆಯ ಟೈಲು, ದೊಡ್ಡ ಕನ್ನಡಿ, ಎರಡು ದಪ್ಪ ಫೈರ್ ಡೋರು. ರೇಡಿಯೋ ಅಲೆಗೆ ಲೋಹವೂ ಆಗದು, ನೀರೂ ಆಗದು. ಸಾಲದ್ದಕ್ಕೆ ಅಕ್ಕಪಕ್ಕ, ಮೇಲೆ ಕೆಳಗೆ ಎಲ್ಲರ ಮನೆಯಲ್ಲೂ ವೈ-ಫೈ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲುಗಳು 1, 6, 11 ಅಂತ ಮೂರೇ ಮೂರು. ಒಂದೇ ಚಾನೆಲ್ಲಿನಲ್ಲಿ ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು. ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಇಬ್ಬರೂ ಮತ್ತೆ ಹೇಳಬೇಕು. 5 ಗಿಗಾಹರ್ಟ್ಸ್‌ನಲ್ಲಿ ಜಾಗ ಜಾಸ್ತಿ, ಆದರೆ ಗೋಡೆ ದಾಟುವ ಶಕ್ತಿ ಕಡಿಮೆ.

ಸಿನಿಮಾಕ್ಕೆ ಇದರಿಂದ ತೊಂದರೆ ಇಲ್ಲ, ಅದು ಮುಂದಿನದನ್ನು ಮೊದಲೇ ತಂದಿಟ್ಟುಕೊಂಡಿರುತ್ತದೆ. ಮಾತಿಗೆ ಆ ಸೌಕರ್ಯ ಇಲ್ಲ. ಕಾಲಿನಲ್ಲಿ ನಮ್ಮ ಧ್ವನಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಹೋಗುತ್ತದೆ. ತಡವಾಗಿ ಬಂದ ತುಂಡನ್ನು ಆ್ಯಪ್ ಎಸೆದುಬಿಡುತ್ತದೆ. ಎಸೆದು ಸುಮ್ಮನಿರುವುದಿಲ್ಲ. ಹಿಂದಿನ ಧ್ವನಿಯನ್ನೇ ಸ್ವಲ್ಪ ಎಳೆದು, ಊಹೆಯಿಂದ ಆ ಜಾಗ ತುಂಬುತ್ತದೆ. ಹಾಗಾಗಿ ನಮಗೆ ಹಳೇ ಟ್ರಂಕ್ ಕಾಲಿನ ಹಾಗೆ ಕರಕರ ಕೇಳುವುದಿಲ್ಲ, ನಯವಾಗಿ ಸವರಿದ ಹಾಗೆ, ನಾಲಗೆ ಜಾರಿದ ಹಾಗೆ ಕೇಳುತ್ತದೆ. ತೊದಲುವ ಮನುಷ್ಯನ ಮಾತಿನ ಮೇಲೆ ಈ ಸವರಾಟ ಸೇರಿದರೆ ಯಾವುದು ಯಾರದ್ದು ಅಂತ ಗೊತ್ತಾಗುವುದು ಹೇಗೆ? ಅಪ್ಪನ ಕುದುರೆಯ "ರೆ" ನಮ್ಮ ಹಾಟ್ ಪ್ರೆಸ್ಸಿನ ಹತ್ತಿರವೇ ಉಳಿದುಬಿಡುತ್ತಿತ್ತು.

ಹೀಗೆ ಊಹಿಸಿದ್ದಲ್ಲ, ಪರೀಕ್ಷೆ ಮಾಡಿದ್ದು. ನೀವೂ ಮಾಡಬಹುದು. ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ನಿಮ್ಮದೇ ರೂಟರಿಗೆ ಪಿಂಗ್ ಮಾಡಿ. ವಿಳಾಸ ಬಹಳ ಕಡೆ 192.168.1.1 ಅಥವಾ 192.168.0.1, ರೂಟರಿನ ಬೆನ್ನ ಮೇಲೆ ಬರೆದಿರುತ್ತದೆ. ಹತ್ತು ನಿಮಿಷ ಓಡಲು ಬಿಡಿ. ನನಗೆ ಬೆಡ್‌ರೂಮಿನಿಂದ ಒಮ್ಮೆ 4 ಮಿಲಿಸೆಕೆಂಡು, ಒಮ್ಮೆ 300, ನಡುವೆ ಕೆಲವಕ್ಕೆ ಉತ್ತರವೇ ಇಲ್ಲ. ಲ್ಯಾಪ್‌ಟಾಪನ್ನು ಸ್ಟೋರಿಗೆ ಒಯ್ದು, ಹೂವರ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಅರ್ಧ ಮೀಟರ್ ಕೇಬಲ್ ಸಿಕ್ಕಿಸಿ ನೋಡಿದೆ. ಎಲ್ಲಾ ಉತ್ತರವೂ 1 ಮಿಲಿಸೆಕೆಂಡಿಗಿಂತ ಕಡಿಮೆ, ಒಂದೂ ತಪ್ಪಿಲ್ಲ. ಅಂದರೆ ರೋಗ ಇರುವುದು ರೂಟರಿಗೂ ಬೆಡ್‌ರೂಮಿಗೂ ನಡುವೆ. ಇಂಟರ್ನೆಟ್ ಕಂಪನಿಗೆ ಫೋನು ಮಾಡಿ ಸಂಗೀತ ಕೇಳುತ್ತಾ ಕೂರುವ ಅಗತ್ಯ ಇಲ್ಲ. ಊರಿನ ತುದಿಯಲ್ಲೂ ಹೀಗೇ ಆಗಬಹುದಲ್ಲ ಅಂತ ಅಕ್ಕನ ಮಗನಿಗೆ ಹೇಳಿ, ಅಪ್ಪನ ಟ್ಯಾಬ್ಲೆಟ್ಟನ್ನು ಅಲ್ಲಿಯ ರೂಟರ್ ಇರುವ ಕೋಣೆಗೇ ತಂದಿಡಿಸಿದೆ.

ಈಗ ಅನುಮತಿ. 2004ರ ರೆಸಿಡೆನ್ಷಿಯಲ್ ಟೆನೆನ್ಸೀಸ್ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಬಾಡಿಗೆದಾರ ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ ಮನೆಯಲ್ಲಿ ಮಾರ್ಪಾಡು ಮಾಡುವ ಹಾಗಿಲ್ಲ. 2021ರ ಆಗಸ್ಟಿನಿಂದ ಹೊಸ ಬಾಡಿಗೆಗಳಿಗೆ ಡಿಪಾಸಿಟ್ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ ಅನ್ನುವುದು ನಿಜ. ಆದರೆ ಡಬ್ಲಿನ್ನಿನ ಒಂದು ತಿಂಗಳ ಬಾಡಿಗೆ ಎಷ್ಟು ಅಂತ ನಿಮಗೆ ಗೊತ್ತಲ್ಲ! "ತೂತು ಕೊರೆಯುವುದಿಲ್ಲ, ಅಂಟಿಸುವ ಪಟ್ಟಿ ಹಾಕುತ್ತೇನೆ, ಹೋಗುವಾಗ ತೆಗೆಯುತ್ತೇನೆ" ಅಂತ ಮಾಲೀಕರಿಗೆ ನಾಲ್ಕು ಸಾಲು ಈಮೇಲ್ ಹಾಕಿದೆ, ಮರುದಿನ ಓಕೆ ಬಂತು. ಒಪ್ಪಿಗೆ ಬರವಣಿಗೆಯಲ್ಲೇ ಇರಲಿ. ಶುರು ಮಾಡುವ ಮೊದಲು ಪ್ರತಿ ಗೋಡೆಯ ಫೋಟೋ ತೆಗೆದಿಡಿ. ಇನ್ನು ಮುಂಬಾಗಿಲಿನ ಆಚೆಗೆ ಕೇಬಲ್ ಹೋಗಲೇಬಾರದು. ಹೊರಗಿನ ಕಾರಿಡಾರ್ ಕಾಮನ್ ಏರಿಯಾ, 2011ರ ಮಲ್ಟಿ-ಯೂನಿಟ್ ಡೆವಲಪ್‌ಮೆಂಟ್ಸ್ ಕಾಯ್ದೆಯಂತೆ ಅದನ್ನು ನೋಡಿಕೊಳ್ಳುವುದು ಓನರ್ಸ್ ಮ್ಯಾನೇಜ್‌ಮೆಂಟ್ ಕಂಪನಿ.

ಕೇಬಲ್ ಕೊಳ್ಳುವ ಮೊದಲು ಮನೆಯ ಹಳೇ ಟೆಲಿಫೋನ್ ಪಾಯಿಂಟ್ ಕಡೆ ಒಮ್ಮೆ ಗಮನ ಕೊಡಿ. ಆ ಕಾಲದ ಕೆಲವು ಕಟ್ಟಡಗಳಲ್ಲಿ ಫೋನಿಗೂ ಎಂಟು ತಂತಿಯ ಕ್ಯಾಟ್ 5ಇ ಎಳೆದಿರುತ್ತಾರೆ. ಹಾಗಿದ್ದರೆ ಮಾಲೀಕರ ಒಪ್ಪಿಗೆ ಪಡೆದು ಎರಡೂ ತುದಿಯ ಸಾಕೆಟ್ ಬದಲಿಸಿದರೆ ಮುಗಿಯಿತು, ಈ ಲೇಖನದ ಉಳಿದ ಭಾಗ ನಿಮಗೆ ಬೇಕಿಲ್ಲ. ನಮ್ಮ ಮನೆಯಲ್ಲಿ ನಾಲ್ಕೇ ತಂತಿ ಇದ್ದವು. ಕರೆಂಟಿನ ವೈರಿನ ಮೇಲೇ ಇಂಟರ್ನೆಟ್ ಹರಿಸುವ ಪವರ್‌ಲೈನ್ ಪ್ಲಗ್ಗನ್ನೂ ಸ್ನೇಹಿತರಿಂದ ತಂದು ನೋಡಿದೆ. ನನ್ನಾಕೆ ಮೈಕ್ರೋವೇವ್ ಹಚ್ಚಿದಾಗೆಲ್ಲ ಅದು ಕುಂಟುತ್ತಿತ್ತು.

ಹಾಗಾಗಿ ಈಥರ್ನೆಟ್ ಕೇಬಲ್. ಆಕಾಶವನ್ನೆಲ್ಲ ತುಂಬಿದೆ ಅಂತ ಹಿಂದಿನ ವಿಜ್ಞಾನಿಗಳು ನಂಬಿದ್ದ "ಈಥರ್" ಹೆಸರನ್ನು 1973ರಲ್ಲಿ ಝೆರಾಕ್ಸ್ ಕಂಪನಿಯ ಬಾಬ್ ಮೆಟ್‌ಕಾಫ್ ತಂತಿಗೆ ಇಟ್ಟರು. ನಿಜವಾಗಿ ಆಕಾಶದಲ್ಲಿ ಹೋಗುವುದಕ್ಕೆ ನಾವು ವೈ-ಫೈ ಅನ್ನುತ್ತೇವೆ. ತಮಾಷೆಯೇ!

ಮೊದಲ ಪ್ರಯತ್ನ ಹೇಳುತ್ತೇನೆ, ನಗಬೇಡಿ. ಆನ್‌ಲೈನಿನಲ್ಲಿ ಸಿಕ್ಕ ಅಗ್ಗದ ಬಿಳಿ ಚಪ್ಪಟೆ ಕೇಬಲ್ ತರಿಸಿದೆ. ಒಂದು ಶನಿವಾರ ಬೆಳಗ್ಗೆ ಬೆಣ್ಣೆ ಚಾಕು ಹಿಡಿದು ಬೆಡ್‌ರೂಮಿನ ಕಾರ್ಪೆಟ್ಟಿನ ಅಂಚಿನೊಳಗೆ ಅದನ್ನು ತುರುಕುತ್ತಾ ಹೋದೆ. ಅರ್ಧ ಗಂಟೆಯ ಕೆಲಸ, ಏನೂ ಕಾಣುವುದಿಲ್ಲ. ಆಹಾ ಅಂದುಕೊಂಡೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ 1000 ಮೆಗಾಬಿಟ್ ತೋರಿಸುತ್ತಿದ್ದದ್ದು 100ಕ್ಕೆ ಇಳಿಯಿತು, ಕೆಲವೊಮ್ಮೆ ಪೂರ್ತಿ ಕಡಿದುಹೋಗುತ್ತಿತ್ತು. ಸರಿಯಾಗಿ 100ಕ್ಕೆ ಇಳಿದರೆ ಅದೊಂದು ಸುಳಿವು. ಕೇಬಲ್ಲಿನ ಎಂಟು ತಂತಿ ಎಂದರೆ ನಾಲ್ಕು ಜೊತೆ. ಗಿಗಾಬಿಟ್ಟಿಗೆ ನಾಲ್ಕೂ ಬೇಕು, 100 ಮೆಗಾಬಿಟ್ಟಿಗೆ ಎರಡೇ ಜೊತೆ ಸಾಕು. ಎಲ್ಲೋ ಒಂದು ಜೊತೆ ಸತ್ತಿದೆ ಅಂತ ಅರ್ಥ. ಕೇಬಲ್ ಎಳೆದು ತೆಗೆದಾಗ ಕಾರಣ ಕಂಡಿತು. ಕಾರ್ಪೆಟ್ಟನ್ನು ಬಿಗಿಯಾಗಿ ಹಿಡಿಯಲು ಗೋಡೆಯ ಸುತ್ತ ಮರದ ಗ್ರಿಪ್ಪರ್ ಪಟ್ಟಿ ಹೊಡೆದಿರುತ್ತಾರೆ, ಅದರ ತುಂಬ ಮೇಲ್ಮುಖವಾದ ಸೂಜಿಮೊಳೆ. ನಾನು ಕೇಬಲ್ಲನ್ನು ನೀಟಾಗಿ ಮುಳ್ಳಿನ ಹಾಸಿಗೆಯ ಮೇಲೆ ಮಲಗಿಸಿದ್ದೆ. ಮೇಲೆ ಮಂಚದ ಕಾಲು, ಹೂವರು, ಮಗಳ ಕುಣಿತ.

ಎರಡನೇ ಸಲ ಅವಸರ ಮಾಡಲಿಲ್ಲ. ಮೊದಲು ದಾರಿ ಅಳೆದೆ. ಸ್ಟೋರಿನಿಂದ ಮೇಜಿಗೆ ನೇರ 9 ಮೀಟರ್. ಗೋಡೆಯ ಬುಡ ಹಿಡಿದು, ಮೂಲೆ ಸುತ್ತಿ ಹೋದರೆ 16. ಎರಡೂ ತುದಿಯಲ್ಲಿ ಸ್ವಲ್ಪ ಸಡಿಲ ಬೇಕು ಅಂತ 20 ಮೀಟರಿನ, ತಲೆ ಸಿಕ್ಕಿಸಿಯೇ ಬರುವ ದುಂಡನೆಯ ಕ್ಯಾಟ್ 6 ಕೇಬಲ್ ತಂದೆ. ನಿಜ ಹೇಳಬೇಕೆಂದರೆ ಮನೆಗೆ ಕ್ಯಾಟ್ 5ಇ ಸಾಕು, ಅದು 100 ಮೀಟರಿನವರೆಗೆ ಗಿಗಾಬಿಟ್ ಕೊಡುತ್ತದೆ. ಕ್ಯಾಟ್ 7, ಕ್ಯಾಟ್ 8 ಅಂತ ಚಿನ್ನದ ಬಣ್ಣದಲ್ಲಿ ಬರೆದದ್ದಕ್ಕೆ ಮರುಳಾಗಬೇಡಿ. ಪೊಟ್ಟಣದ ಮೇಲೆ ಸಿಸಿಎ ಅಂತ ಇದ್ದರೆ ಮಾತ್ರ ಕೆಳಗಿಡಿ, ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ, ಬಾಗಿಸಿದರೆ ಬೇಗ ಮುರಿಯುತ್ತದೆ. ಜೊತೆಗೆ ಅಂಟು ಬೆನ್ನಿನ ಬಿಳಿ ಮಿನಿ ಟ್ರಂಕಿಂಗ್, 16 ಮಿಲಿಮೀಟರ್ ಅಗಲ, 10 ಎತ್ತರ. ನಮ್ಮೂರ ಎಲೆಕ್ಟ್ರಿಷಿಯನ್ನರು ಕೇಸಿಂಗ್ ಕ್ಯಾಪಿಂಗ್ ಅನ್ನುತ್ತಾರಲ್ಲ, ಅದೇ. ವುಡೀಸ್, ಸ್ಕ್ರೂಫಿಕ್ಸ್ ತರದ ಅಂಗಡಿಗಳಲ್ಲಿ ಇಂಥ ಸಾಮಾನು ಸಿಗುತ್ತದೆ. ಎಲ್ಲಾ ಸೇರಿ 50 ಯೂರೋ ದಾಟಲಿಲ್ಲ.

ಟ್ರಂಕಿಂಗನ್ನು ಗೋಡೆಗೆ ಅಂಟಿಸಬೇಡಿ, ಗೋಡೆಯ ಬುಡದ ಮರದ ಸ್ಕರ್ಟಿಂಗ್ ಬೋರ್ಡಿಗೆ ಅಂಟಿಸಿ. ಇದೇ ಮುಖ್ಯ ಗುಟ್ಟು. ಗೋಡೆಗೆ ಬಳಿದದ್ದು ಎಮಲ್ಷನ್ ಪೇಂಟು, ಟೇಪು ಕೀಳುವಾಗ ಹೊಪ್ಪಳೆಯಾಗಿ ಕಿತ್ತು ಬರುತ್ತದೆ, ಅದರೊಂದಿಗೆ ಡಿಪಾಸಿಟ್ಟೂ. ಸ್ಕರ್ಟಿಂಗಿಗೆ ಬಳಿದದ್ದು ಹೊಳಪಿನ ಗಟ್ಟಿ ಪೇಂಟು, ಟೇಪು ಚೆನ್ನಾಗಿ ಹಿಡಿಯುತ್ತದೆ, ಬಿಡುವಾಗಲೂ ಮರ್ಯಾದೆಯಿಂದ ಬಿಡುತ್ತದೆ. ಬಣ್ಣವೂ ಬಿಳಿ ಬಿಳಿ ಸೇರಿಹೋಗಿ ಕಣ್ಣಿಗೆ ಬೀಳುವುದಿಲ್ಲ. ಮೊದಲು ಧೂಳು ಒರೆಸಿ, ಸೋಪಿನ ನೀರಿನ ಬಟ್ಟೆಯಲ್ಲಿ ತೊಳೆದು, ಪೂರ್ತಿ ಒಣಗಲು ಬಿಡಿ. ಇಲ್ಲಿಯ ಚಳಿಗಾಲದಲ್ಲಿ ಹೊರಗೋಡೆಯ ಬುಡ ತಣ್ಣಗೆ ಬೆವರಿರುತ್ತದೆ, ಹಾಗೇ ಅಂಟಿಸಿದರೆ ವಾರದಲ್ಲಿ ಕಳಚುತ್ತದೆ. ಹೀಟಿಂಗ್ ಹಾಕಿ ಬೆಚ್ಚಗಾದ ಮೇಲೆ ಅಂಟಿಸಿ, ಒತ್ತಿ, ಕೇಬಲ್ ಇಡದೆ ಒಂದು ದಿನ ಬಿಡಿ.

ನಾನು ಅಂಟಿಸಲು ಕೂತಾಗ ಅಪ್ಪ ಕಾಲಿನಲ್ಲಿದ್ದರು. ಅವರು ಕೆಇಬಿಯಲ್ಲಿ ಕೆಲಸ ಮಾಡಿದವರು. ಅವರ ಆಫೀಸು ಮೆಸ್ಕಾಂ ಆಗಿ ಎಷ್ಟೋ ವರ್ಷವಾದರೂ ಮನೆಯಲ್ಲಿ ಇವತ್ತಿಗೂ ಕೆಇಬಿಯೇ. ನಮ್ಮ ಹಳೇ ಮನೆಯಲ್ಲಿ ಮರದ ಪಟ್ಟಿಯ ಮೇಲೆ ವೈರು, ಅದಕ್ಕೆ ಗೇಣು ಗೇಣಿಗೂ ತಗಡಿನ ಕ್ಲಿಪ್ಪು. ಆ ಪಟ್ಟಿಗಳು ಅಡಕೆ ತೋಟದ ಸಾಲಿನ ಹಾಗೆ ನೆಟ್ಟಗಿದ್ದವು, ಹೊಡೆದದ್ದು ಅವರೇ. ಲ್ಯಾಪ್‌ಟಾಪ್ ತಿರುಗಿಸಿ ನನ್ನ ಕೆಲಸ ತೋರಿಸಿದೆ. ಅಪ್ಪ ಏನೋ ಅಂದರು, "ದಾ" ಅಂತ ಮಾತ್ರ ಕೇಳಿಸಿತು. ಕಾರ್ಡಿನ ಕಟ್ಟಿನಲ್ಲಿ ದಾಳಿಂಬೆ ಇದೆ, ದಾಸವಾಳ ಇದೆ. ಎರಡನ್ನೂ ಹೇಳಿ ನೋಡಿದೆ. ಆಕಡೆಯಿಂದ ಅಕ್ಕ ಕೂಗಿದಳು, "ದಾರ ಕಣೋ! ದಾರ ಹಿಡಿ ಅಂತಿದಾರೆ!"

ಸರಿ, ಹೊಲಿಗೆ ದಾರ ಹಿಡಿದೆ. ಸ್ಕರ್ಟಿಂಗಿನ ಮೇಲಂಚಿನಿಂದ ಎರಡೂ ತುದಿಯಲ್ಲಿ ಒಂದೇ ಅಳತೆ ಇಟ್ಟು ಟೇಪಿನಿಂದ ಬಿಗಿದೆ. ರಸಮಟ್ಟ ಇಟ್ಟು ನೋಡಿದರೆ ನಮ್ಮ ನೆಲವೇ ಸ್ವಲ್ಪ ವಾಲಿದೆ. ರಸಮಟ್ಟದ ಮಾತು ಕೇಳಿ ಅಂಟಿಸಿದ್ದರೆ ಪಟ್ಟಿ ಓರೆ ಕಾಣುತ್ತಿತ್ತು, ಕಣ್ಣು ಹೋಲಿಸುವುದು ಸ್ಕರ್ಟಿಂಗಿನ ಜೊತೆಗೆ. ಬುಡದ ಪಟ್ಟಿಯ ಕೂಡು ಮತ್ತು ಮುಚ್ಚಳದ ಕೂಡು ಒಂದೇ ಜಾಗದಲ್ಲಿ ಬರಬಾರದು, ಇಟ್ಟಿಗೆ ಕಟ್ಟುವ ಹಾಗೆ. ಮೂಲೆಯಲ್ಲಿ ಪಟ್ಟಿಯನ್ನು 45 ಡಿಗ್ರಿಗೆ ಸಣ್ಣ ಹಲ್ಲಿನ ಗರಗಸದಲ್ಲಿ ಕೊಯ್ದು ಸೇರಿಸಿ. ಆದರೆ ಒಳಗಿನ ಕೇಬಲ್ಲನ್ನು ಅಷ್ಟು ಚೂಪಾಗಿ ಮಡಚಬಾರದು. ಕೇಬಲ್ಲಿನ ದಪ್ಪದ ನಾಲ್ಕು ಪಟ್ಟು, ಅಂದರೆ 6 ಮಿಲಿಮೀಟರಿನ ಕೇಬಲ್ಲಿಗೆ ಸುಮಾರು 25 ಮಿಲಿಮೀಟರ್ ತ್ರಿಜ್ಯದ ತಿರುವು ಇರಬೇಕು. ಒಳಗಿನ ಜೊತೆಗಳನ್ನು ಲೆಕ್ಕ ಹಾಕಿ ಹುರಿ ಹೊಸೆದಿರುತ್ತಾರೆ, ಮಡಚಿದರೆ ಆ ಹುರಿ ಕೆಡುತ್ತದೆ. ಮೂಲೆಯಲ್ಲಿ ಪಟ್ಟಿಯ ಒಳಗೋಡೆ ಸ್ವಲ್ಪ ಕತ್ತರಿಸಿದರೆ ಜಾಗ ಸಿಗುತ್ತದೆ. ಕರೆಂಟಿನ ಎಕ್ಸ್‌ಟೆನ್ಷನ್ ವೈರನ್ನು ಇದೇ ಪಟ್ಟಿಯೊಳಗೆ ತೂರಿಸುವ ಆಸೆ ಬೇಡ. ಸ್ಟೋರೇಜ್ ಹೀಟರಿನ ಹಿಂದೆಯೂ ಬೇಡ.

ಬಾಗಿಲುಗಳೇ ಕಷ್ಟ. ನನ್ನ ದಾರಿಯಲ್ಲಿ ಎರಡು. ಒಂದು ಬಚ್ಚಲಿನದು, ದಾಟಿ ಮುಂದೆ ಹೋಗಬೇಕು. ಚೌಕಟ್ಟಿನ ಸುತ್ತ ಮೇಲೆ ಹತ್ತಿಸಿ ಇಳಿಸಬಹುದು, ಆದರೆ 5 ಮೀಟರ್ ಹೆಚ್ಚಾಗುತ್ತದೆ. ಅಲ್ಲದೆ ಬೆಂಕಿ ಬಿದ್ದಾಗ ಪ್ಲಾಸ್ಟಿಕ್ ಪಟ್ಟಿ ಕರಗಿ ತಲೆಯ ಮೇಲಿನ ಕೇಬಲ್ ಓಣಿಗೆ ಜೋತುಬೀಳುವುದು ನನಗೆ ಬೇಡವಾಗಿತ್ತು, ಹೊರಗೋಡಲು ಇರುವ ದಾರಿ ಅದೊಂದೇ. ಹೊಸ್ತಿಲಲ್ಲಿ ಓಣಿಯ ಲ್ಯಾಮಿನೇಟ್ ಮುಗಿದು ಟೈಲು ಶುರುವಾಗುವ ಕಡೆ ಒಂದು ಲೋಹದ ಪಟ್ಟಿ ಇರುತ್ತದೆ. ಲ್ಯಾಮಿನೇಟ್ ಹಿಗ್ಗಲಿ ಅಂತ ಅದರ ಕೆಳಗೆ ಸಂದು ಬಿಟ್ಟಿರುತ್ತಾರೆ. ನಮ್ಮದು ಅಂಟಿಸಿದ ಪಟ್ಟಿ, ಮೊದಲೇ ಎದ್ದು ಅಲ್ಲಾಡುತ್ತಿತ್ತು. ಎತ್ತಿ ನೋಡಿದರೆ ಕೇಬಲ್ಲಿಗೆ ಹೇಳಿ ಮಾಡಿಸಿದಂಥ ಸಂದು! ಮಲಗಿಸಿ, ಹೊಸ ಡಬಲ್ ಟೇಪು ಹಾಕಿ ಪಟ್ಟಿ ಮುಚ್ಚಿದೆ. ಮಾಲೀಕರಿಗೆ ಫೋಟೋ ಕಳಿಸಿದರೆ ಥ್ಯಾಂಕ್ಸ್ ಅಂದರು. ನಿಮ್ಮದು ಸ್ಕ್ರೂ ಹಾಕಿದ ಪಟ್ಟಿಯಾದರೆ, ಸ್ಕ್ರೂ ಕೇಬಲ್ಲಿನೊಳಗೆ ಇಳಿಯದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಬೆಡ್‌ರೂಮಿನ ಫೈರ್ ಡೋರು. ಇದರ ಮರ ಕೊರೆಯುವುದು, ಅಂಚಿನ ಸೀಲ್ ಪಟ್ಟಿ ಕೀಳುವುದು, ಕೇಬಲ್ ಅಡ್ಡ ಬರುತ್ತೆ ಅಂತ ಬಾಗಿಲಿಗೆ ಅಡಕಲು ಇಟ್ಟು ತೆರೆದಿಡುವುದು, ಯಾವುದನ್ನೂ ಮಾಡಬೇಡಿ. ಬೆಂಕಿ ಬಿದ್ದಾಗ ಆ ಸೀಲು ಉಬ್ಬಿ ಸಂದು ಮುಚ್ಚಬೇಕು, ಬಾಗಿಲು ತಾನೇ ಮುಚ್ಚಿಕೊಳ್ಳಬೇಕು. ನಾನು ಬಾಗಿಲ ಕೆಳಗಿನ ಸಂದಿನಲ್ಲಿ, ಕೀಲಿನ ಬದಿಯ ಮೂಲೆಯಲ್ಲಿ ಕೇಬಲ್ ದಾಟಿಸಿದೆ. ಬಾಗಿಲು ತಿರುಗುವಾಗ ಕಡಿಮೆ ಸರಿದಾಡುವುದು ಆ ಮೂಲೆ, ಯಾರೂ ಕಾಲಿಡುವುದಿಲ್ಲ. ಬಾಗಿಲು ಕೇಬಲ್ಲಿಗೆ ಉಜ್ಜದೆ ಮುಚ್ಚುತ್ತದೆಯೇ ಅಂತ ಹತ್ತು ಸಲ ಹಾಕಿ ತೆಗೆದು ನೋಡಿ. ಒಳಗೆ ಹೋದ ಮೇಲೆ ಕಾರ್ಪೆಟ್ಟಿನ ಸಹವಾಸ ಬಿಟ್ಟು ಮತ್ತೆ ಸ್ಕರ್ಟಿಂಗ್ ಮೇಲೆ.

ಉಳಿದ ಮೂರು ಮೀಟರನ್ನು ಸ್ಟೋರಿನಲ್ಲಿ ದೊಡ್ಡ ಸುರುಳಿ ಮಾಡಿ ತೂಗುಹಾಕಿದ್ದೇನೆ. ಲ್ಯಾಪ್‌ಟಾಪಿಗೆ ಕೇಬಲ್ ತೂತು ಇಲ್ಲದಿದ್ದರೆ ಯುಎಸ್‌ಬಿ-ಸಿ ಅಡಾಪ್ಟರ್ ಸಿಗುತ್ತದೆ. ಕೇಬಲ್ ಸಿಕ್ಕಿಸಿದ ಮೇಲೆ ವೈ-ಫೈ ಆಫ್ ಮಾಡಿಯೇ ಪಿಂಗ್ ಮಾಡಿ, ಇಲ್ಲದಿದ್ದರೆ ಯಾವುದನ್ನು ಪರೀಕ್ಷಿಸುತ್ತಿದ್ದೀರಿ ಅಂತ ಗೊತ್ತಾಗುವುದಿಲ್ಲ. ನನಗೆ 1 ಮಿಲಿಸೆಕೆಂಡಿನೊಳಗೆ ಬಂತು, ಈವರೆಗೆ ಹಾಗೇ ಇದೆ. ಮುಂದೆ ಮನೆ ಬಿಡುವಾಗ ಟ್ರಂಕಿಂಗನ್ನು ಹೇರ್ ಡ್ರೈಯರಿನಿಂದ ಬಿಸಿ ಮಾಡಿ, ಹಿಂದಿನಿಂದ ಹಲ್ಲಿನ ಫ್ಲಾಸ್ ದಾರವನ್ನು ಗರಗಸದ ಹಾಗೆ ಎಳೆದು ಬಿಡಿಸಬೇಕು. ಒಂದು ಚೂರು ಅಂಟಿಸಿ ಕಿತ್ತು ನೋಡಿದ್ದೇನೆ, ಪೇಂಟು ಬರಲಿಲ್ಲ.

ಮರುವಾರ ಕಾರ್ಡು ಹಿಡಿದಾಗ "ಕುದುರೆ" ಪೂರ್ತಿ ಬಂತು. "ದಾಳಿಂಬೆ" ಬಂತು. "ತೆಂಗಿನಕಾಯಿ" ಮಾತ್ರ "ತೆಂಗಿ"ಯಲ್ಲೇ ನಿಂತಿತು, ಎರಡನೇ ಸಲವೂ. ಅಕ್ಕನೂ ಅದನ್ನೇ ಬರೆದುಕೊಂಡಿದ್ದಳು. ಅದು ಅಪ್ಪನದ್ದೇ. ಹಳೇ ಹಾಳೆಗಳನ್ನು ಹರಿದುಹಾಕಿ ಹೊಸ ಪಟ್ಟಿ ಥೆರಪಿಸ್ಟಿಗೆ ಕಳಿಸಿದೆವು. ಉದ್ದದ ಪದಗಳಿಗೆ ಈಗ ಬೇರೆ ಅಭ್ಯಾಸ ಕೊಟ್ಟಿದ್ದಾರೆ.

ನನ್ನ ಹತ್ತಿರ 4 ಮೀಟರ್ ಟ್ರಂಕಿಂಗ್, ಅರ್ಧ ಡಬಲ್ ಟೇಪು ಮತ್ತು ಒಂದು ಕೇಬಲ್ ಟೆಸ್ಟರ್ ಉಳಿದಿದೆ. ಬೇಕಾದವರು ಈ ಮೇಲ್‌ಗೆ ಉತ್ತರಿಸಿ, ಸಂಘದ ಮುಂದಿನ ಕಾರ್ಯಕ್ರಮಕ್ಕೆ ಬರುವಾಗ ಹಿಡಿದು ತರುತ್ತೇನೆ. ಟೆಸ್ಟರ್ ಮಾತ್ರ ವಾಪಸ್ ಕೊಡಬೇಕು!